ಗಿಣ್ಣ

“ಒಂದ್ ಚಮಚಾ ಹಾಲಿಗೆ ಇಷ್ಟು ವಿಚಾರ ಮಾಡಾಕಿ ನೀ ಒಬ್ಬಾಕಿನಽ ನೋಡಬೇ ಯವ್ವಾ. ನಮ್ಮ ಓಣ್ಯಾಗ ಮಜ್ಜಿಗಿ ಕೇಳಾಕ ಬಂದೋರನ್ನೂ ಇಷ್ಟೊತ್ತು ಬಾಗಲದಾಗ ನಿಂದ್ರಸಂಗಿಲ್ಲ,” ಎಂದಳು ಪಕ್ಕದ ಮಂಚದ ಫಕೀರಮ್ಮ.

ಸುರೇಖಾ ಕೂಸಿನ ಮೇಲಿನ ಸೆರಗು ಸರಿಮಾಡಿಕೊಂಡಳು. ಮಗಳ ಹೆರಿಗೆಗೆಂದು ಹನುಮನಹಳ್ಳಿಯಿಂದ ಬಂದು ಕೊಪ್ಪಳದ ಈ ಆಸ್ಪತ್ರೆಯಲ್ಲಿ ಝಂಡಾ ಊರಿದ್ದ ಫಕೀರಮ್ಮನಿಗೆ ವಾರ್ಡಿನ ಎಲ್ಲ ಮಂಚಗಳ ಸುದ್ದಿಯೂ ಗೊತ್ತು. ಆಕೆ ಯಾರನ್ನೂ ಕೇಳಲು ಹೋಗುವುದಿಲ್ಲ. ಕುಂತಲ್ಲಿಗೇ ಸುದ್ದಿ ಬಂದು ಆಕೆಯ ಮಡಿಲಿಗೆ ಬೀಳುತ್ತದೆ. ಈಗ ಬಿದ್ದದ್ದು ಇಷ್ಟು: ಸುರೇಖಾಳ ಅತ್ತೆ ಅನ್ನಮ್ಮ ಮಂಚದ ಕಾಲುಗಡೆ ನಿಂತು, ಗಾಜಿನ ಪೆಟ್ಟಿಗೆಯಲ್ಲಿರುವ ತನ್ನ ಮಗಳ ಕೂಸಿಗೆ ಒಂದು ಚಮಚ ಎದೆಹಾಲು ಹಿಂಡಿಕೊಡು ಎಂದು ಸೊಸೆಯನ್ನು ಕೇಳಿದ್ದಳು. ಸೊಸೆ “ವಿಚಾರ ಮಾಡ್ತೀನ್ರಿ” ಅಂದಿದ್ದಳು. ಆ ಎರಡು ಶಬ್ದಗಳು ಬಾಯಿಂದ ಹೊರಬಿದ್ದು ಎಷ್ಟೋ ಹೊತ್ತಾದರೂ ಅವುಗಳ ರುಚಿ ಸುರೇಖಾಳ ನಾಲಿಗೆಯ ಮೇಲೆ ಇನ್ನೂ ಇತ್ತು. ಅವು ಅತ್ತೆಯವೇ ಶಬ್ದಗಳು. ಪಂಚಮಿಗೆ ಅಳವಂಡಿಗೆ ಹೋಗಿ ಅಪ್ಪನನ್ನು ನೋಡಿ ಬರಲೇನ್ರಿ ಎಂದು ಕೇಳಿದಾಗ, ಹೊಸದೊಂದು ಕುಬಸ ಹೊಲಿಸಲೇನ್ರಿ ಎಂದಾಗ, ಜ್ವರ ಬಂದೈತಿ ಇವತ್ತೊಂದು ದಿನ ಮಲಗಲೇನ್ರಿ ಎಂದಾಗ, ಅನ್ನಮ್ಮ ಅಕ್ಕಿ ಹಸನು ಮಾಡುವ ಮೊರದಿಂದ ಕಣ್ಣೆತ್ತದೆ ಹೇಳುತ್ತಿದ್ದ ಮಾತು ಅದು. ವಿಚಾರ ಮಾಡೋಣ. ಆ ವಿಚಾರ ಎಂದೂ ಮುಗಿದದ್ದಿಲ್ಲ. ಇವತ್ತು ಅದೇ ಮಾತನ್ನು ತಿರುಗಿಸಿ ಕೊಟ್ಟಾಗ ಅನ್ನಮ್ಮನ ಬಾಯಿ ತುಸು ತೆರೆದು ಹಾಗೇ ನಿಂತಿತ್ತು. ಅದನ್ನು ಸುರೇಖಾ ಮನಸ್ಸಿನಲ್ಲಿ ಮತ್ತೆ ಮತ್ತೆ ತೆರೆದು ನೋಡುತ್ತಿದ್ದಳು, ಹೊಸ ಸೀರೆಯ ಗಂಟನ್ನು ಬಿಚ್ಚಿ ನೋಡುವವರ ಹಾಗೆ. ಎದೆಗೆ ಹತ್ತಿಕೊಂಡಿದ್ದ ಅವಳ ಗಂಡುಕೂಸು ಗುಟುಕರಿಸಿ, ಉಸಿರು ಬಿಟ್ಟು, ಮತ್ತೆ ಗುಟುಕರಿಸಿತು. ತುಂಬು ದಿನದ ಕೂಸು. ಅದಕ್ಕೆ ಯಾರೂ ಏನೂ ಕಲಿಸಬೇಕಾಗಿರಲಿಲ್ಲ.

ಇದೆಲ್ಲ ಬೆಳಿಗ್ಗೆ ಡಾಕ್ಟರ್ ಶಾಂತಕುಮಾರ ಬಂದಾಗ ಶುರುವಾದದ್ದು. ಗಂಗಾವತಿಯ ರೈಸ್‌ಮಿಲ್ಲಿನವರ ಮನೆಗೆ ಕೊಟ್ಟಿದ್ದ ಅನ್ನಮ್ಮನ ಮಗಳು ಹೇಮಾವತಿ ಚೊಚ್ಚಿಲ ಬಾಣಂತನಕ್ಕೆಂದು ಕುಷ್ಟಗಿಯ ತವರಿಗೆ ಬಂದವಳು. ಏಳು ತುಂಬುತ್ತಿದ್ದಂತೆ ಬಿಪಿ ಏರಿ, ಫಿಟ್ಸ್ ಬಂದು, ಹೊಟ್ಟೆ ಕುಯ್ದು ಕೂಸನ್ನು ತೆಗೆಯಬೇಕಾಯಿತು. ಆಕೆ ಮೇಲಿನ ಮಹಡಿಯಲ್ಲಿ ಇನ್ನೂ ಎಚ್ಚರವಿಲ್ಲದೆ ಮಲಗಿದ್ದಳು. ಕೂಸು ಕೆಳಗೆ, ಹಸುಗೂಸುಗಳ ಘಟಕದಲ್ಲಿ, ಮೈತುಂಬ ನಳಿಕೆಗಳ ನಡುವೆ. ಅದರ ಬೆನ್ನಿಗೇ ಸುರೇಖಾಳಿಗೂ ನೋವು ಬಂದಿತ್ತು. ಒಂದೇ ಮನೆಯಿಂದ ಇಬ್ಬರು. “ನೋಡ್ರಿ,” ಎಂದಿದ್ದ ಡಾಕ್ಟರು, ಕುರ್ಚಿ ಇಲ್ಲದ್ದಕ್ಕೆ ಮಂಚದ ಕಂಬಿಗೆ ಒರಗಿ, “ದಿನ ತುಂಬಿದ ಕೂಸು ಹುಟ್ಟಿದ ಕೂಡ್ಲೆ ಎದಿಗೆ ಬಾಯಿ ಹಾಕತೈತಿ. ಒಂದು ಗುಟುಕು ಒಳಗ ಹೋತು ಅಂದ್ರ ಹೊಟ್ಟಿ ಕರುಳು ಸುಮ್ನ ಕುಂದ್ರಂಗಿಲ್ಲ, ಹಾರ್ಮೋನ್ ಬಿಡತಾವು. ಹಾರ್ಮೋನ್ ಅಂದ್ರ ಊರಾಗ ಸುದ್ದಿ ಮುಟ್ಟಸೋ ವಾಲಿಕಾರ ಇರ್ತಾನಲ್ರಿ, ಹಂಗ. ರಕ್ತದಾಗ ಓಡಿ ಹೋಗಿ, ಹಾಲು ಬಂತು, ಏಳ್ರಿ, ಕೆಲಸಕ್ಕ ಹತ್ರಿ ಅಂತ ಎಲ್ಲಾರ ಬಾಗಲಾ ಬಡೀತಾನ. ಕರುಳು ಬೆಳೀತೈತಿ, ಅಲಗ್ಯಾಡತೈತಿ. ದಿನ ತುಂಬದ ಕೂಸನ್ನ ಬರೇ ಸಲೈನ್ ಮ್ಯಾಲೆ ಇಟ್ರ, ಹೊಟ್ಟಿಗೆ ಏನೂ ಹೋಗಲಿಲ್ಲಂದ್ರ, ವಾಲಿಕಾರ ಮನಿ ಬಿಟ್ಟು ಹೊರಗಽ ಬೀಳಂಗಿಲ್ಲ. ಕರುಳು ಮಲಗಿ ಬಿಡತೈತಿ. ಎಬ್ಬಸಾಕ ಹೊಟ್ಟಿ ತುಂಬ ಬ್ಯಾಡ, ನಾಕು ಹನಿ ಸಾಕು. ಆದ್ರ ಮೊದಲ್ನೇ ಹಾಲು ಬೇಕು. ಹಳದೀದು.”

“ಡಬ್ಬಿ ಹಾಲು ನಡಿಯಂಗಿಲ್ಲೇನ್ರಿ ಸಾಹೇಬ್ರ?” ಎಂದಿದ್ದಳು ಅನ್ನಮ್ಮ.

“ಇಷ್ಟು ಎಳೇ ಕರುಳಿಗೆ ಅದು ಭಾರ. ತಾಯೀದು ಎಲ್ಲಾಕ್ಕಿಂತ ಛಲೋ, ಖರೆ ಆಕಿಗೆ ಎಚ್ಚರಿಲ್ಲ. ಹಾಲಿನ ಬ್ಯಾಂಕು ನಮ್ಮಲ್ಲಿಲ್ಲ. ನಿಮ್ಮ ಮನ್ಯಾಗ ಮತ್ತೊಬ್ರು ಹಡದಾರ, ಇವರ ರಕ್ತದ ತಪಾಸಣಿ ಎಲ್ಲಾ ಛಲೋ ಐತಿ.” ಆಮೇಲೆ ಸುರೇಖಾಳ ಕಡೆ ತಿರುಗಿ, “ಒತ್ತಾಯಿಲ್ಲ ತಂಗಿ. ಮನಸಿಗೆ ಬಂದ್ರ ಕೊಡ್ರಿ,” ಎಂದು ಹೊರಟುಹೋದ.

ಹಳದೀದು ಎಂಬ ಮಾತು ಬಿದ್ದಾಗ ಸುರೇಖಾ ನೋಡಿದ್ದು ಅತ್ತೆಯ ಮುಖವನ್ನು. ಅಲ್ಲಿ ಏನೂ ಅಲುಗಲಿಲ್ಲ. ಸುರೇಖಾಳಿಗೆ ಮಾತ್ರ ಕುಷ್ಟಗಿಯ ಮನೆಯ ಬಚ್ಚಲದ ಗೋಡೆ ಎದುರಿಗೆ ಬಂದು ನಿಂತಿತು. ತಾಯಿಯಿಲ್ಲದ ಹುಡುಗಿಗೆ ತವರಿನ ಬಾಣಂತನ ಎಲ್ಲಿಂದ ಬರಬೇಕು. ಮೊದಲ ಬಾಣಂತನವೂ ಅತ್ತೆಯ ಮನೆಯಲ್ಲೇ ಆಗಿತ್ತು. ದವಾಖಾನೆಯಲ್ಲಿ ಹಡೆದು ಮರುದಿನ ಮನೆಗೆ ಬಂದಾಗ ಅನ್ನಮ್ಮ ಅವಳ ಎದೆಯನ್ನು ಒಮ್ಮೆ ಒತ್ತಿ ನೋಡಿ, ಬೆರಳನ್ನು ಕಂಬಕ್ಕೆ ಒರೆಸಿದ್ದಳು. “ಇದು ಹಾಲಲ್ಲ, ಕೀವು. ಒಂಬತ್ತು ತಿಂಗಳ ಕುಂತು ಕೊಳತದ್ದು. ಹಿಂಡಿ ಚೆಲ್ಲು, ಬೆಳ್ಳಗ ಬರೋತನ ಹಿಂಡು.” ಸುರೇಖಾ ಹಿಂಡಿದ್ದಳು. ಬಚ್ಚಲದ ಗೋಡೆಯ ಮೇಲೆ ಹಳದಿ ಎಳೆಗಳು ಇಳಿದು, ಒಣಗಿ, ಹೊಳೆಯುತ್ತಿದ್ದವು. ಸಾಲುಗಟ್ಟಿ ಬಂದ ಇರುವೆಗಳಿಗೆ ಅದು ಕೀವಲ್ಲವೆಂಬುದು ಗೊತ್ತಿತ್ತು. ಹೊರಗೆ ಗಂಡ ಗುರುಬಸವ ಹೆಗಲಿಗೆ ಟವೆಲ್ ಹಾಕಿಕೊಂಡು, “ಆತೇನ? ನನಗ ಆಫೀಸಿಗೆ ಹೊತ್ತಾಕ್ಕೈತಿ,” ಎಂದು ಬಾಗಿಲು ಬಡಿದಿದ್ದ. ಕೂಸಿನ ಬಾಯಿಗೆ ಅನ್ನಮ್ಮ ಸಕ್ಕರೆ ನೀರಿನಲ್ಲಿ ಅದ್ದಿದ ಬತ್ತಿ ಇಡುತ್ತಿದ್ದಳು. ಅದೇ ವಾರ ಹಿತ್ತಲಲ್ಲಿ ಎಮ್ಮೆ ಈದಿತ್ತು. ಕರು ಕಾಲೂರಲಾರದೆ ತೂಗಾಡುತ್ತಿದ್ದಾಗ ಅನ್ನಮ್ಮ ತಾನೇ ಕುಕ್ಕರುಗಾಲಲ್ಲಿ ಕೂತು, ಅದರ ದವಡೆ ಬಿಡಿಸಿ, ಮೊಲೆಯನ್ನು ಬಾಯೊಳಗೆ ತುರುಕಿ, ಚಂಬು ಹಿಡಿದು ನಿಂತಿದ್ದ ಆಳಿಗೆ ಬೈದಿದ್ದಳು: “ಮೊದಲ ಕರಾ ಕುಡೀಲೋ ಹುಚ್ಚಾ! ಗಿಣ್ಣ ಹೊಟ್ಟಿಗೆ ಬೀಳಲಿಲ್ಲಂದ್ರ ಅದು ಬದುಕೀತೇನು? ಅದರ ಕರುಳಿಗೆ ದಮ್ಮ ಬರೂದಽ ಗಿಣ್ಣದಿಂದ.” ಈ ಮಾತನ್ನು ಸುರೇಖಾ ಬಚ್ಚಲದೊಳಗಿಂದ, ಎದೆ ಕೈಯಲ್ಲಿ ಹಿಡಿದುಕೊಂಡು, ಕೇಳಿದ್ದಳು. ಕೇಳಿಯೂ ಹಿಂಡಿದ್ದಳು.

ಕರು ಕುಡಿದು ಮಿಕ್ಕಿದ್ದನ್ನು ಬೆಲ್ಲ, ಯಾಲಕ್ಕಿ ಹಾಕಿ ಕಾಸಿ, ತಾಟಿನಲ್ಲಿ ಹೆಪ್ಪುಗಟ್ಟಿಸಿ, ಚೌಕ ಚೌಕ ಕೊಯ್ದು ಓಣಿಗೆಲ್ಲ ಹಂಚಿದರು. ಬಾಣಂತಿಗೂ ಒಂದು ತುಂಡು ಬಂತು. ಅವಳು ತಿಂದಳು. ರುಚಿಯಾಗಿತ್ತು. ಇನ್ನೊಂದು ತುಂಡು ಐತೇನ್ರಿ ಎಂದು ಕೇಳಿಯೂಬಿಟ್ಟಿದ್ದಳು. ಇಷ್ಟು ವರ್ಷಗಳಲ್ಲಿ ಯಾರಿಗೂ ಹೇಳದೆ ಉಳಿದದ್ದು ಅದೊಂದೇ. ಕೂಸು ಹೊಟ್ಟೆ ಉಬ್ಬಿ, ಬತ್ತಿಯನ್ನೂ ಚೀಪದೆ, ಒಂದು ವಾರ ತುಂಬುವುದರೊಳಗೆ ಕಣ್ಣು ಮುಚ್ಚಿತು. ಹೆಣ್ಣುಕೂಸು. ಹೆಸರಿಡುವ ಮೊದಲೇ ಹೋದದ್ದರಿಂದ ಮನೆಯಲ್ಲಿ ಅದನ್ನು ನೆನೆಯಲು ಒಂದು ಶಬ್ದವೂ ಇರಲಿಲ್ಲ. ಓಣಿಯ ಹೆಂಗಸರು ಬಂದು ಅನ್ನಮ್ಮನ ಸುತ್ತ ಕೂತು, ದೇವರು ಕೊಟ್ಟಾ ದೇವರು ಒಯ್ದಾ ಅಂದರು. ಆಯುಷ್ಯ ಅಷ್ಟಽ ಇತ್ತು ಅಂದರು. ಕರು ಮಾತ್ರ ಬೆಳೆದು, ಎಮ್ಮೆಯಾಗಿ, ಮೂರು ಸಲ ಈದು, ಈಗಲೂ ಅದೇ ಹಿತ್ತಲಲ್ಲಿ ಮೆಲುಕು ಹಾಕುತ್ತ ನಿಂತಿದೆ. ಅದಕ್ಕೆ ಹುಲ್ಲು ಹಾಕುವಾಗಲೆಲ್ಲ ಸುರೇಖಾ ಅದರ ಕಣ್ಣು ತಪ್ಪಿಸುತ್ತಾಳೆ.

ಅನ್ನಮ್ಮ ಮತ್ತೆ ಬಂದಳು. ಕೈಯಲ್ಲಿ ಸಣ್ಣದೊಂದು ಸ್ಟೀಲಿನ ವಾಟಗ. ಹಸುಗೂಸುಗಳ ಘಟಕದ ನರ್ಸ್ ಶಬೀನಾ ಕುದಿಸಿ ಕೊಟ್ಟದ್ದು. ಅದನ್ನು ಸೆರಗಿನಿಂದ ಮುಚ್ಚಿ ಹಿಡಿದ ರೀತಿಯಲ್ಲೇ ಒಂದು ದೈನ್ಯವಿತ್ತು. ಹತ್ತಿಬೀಜದ ಅಂಗಡಿಯ ಗಲ್ಲೆಯ ಹಿಂದೆ ಕೂತು ರೈತರಿಗೆ ಏಕವಚನದಲ್ಲಿ ಮಾತಾಡುವ ಹೆಂಗಸು, ಈಗ ವಾರ್ಡಿನ ಮಂಚಗಳ ನಡುವೆ ಮೈ ಸಣ್ಣದು ಮಾಡಿಕೊಂಡು ಬರುತ್ತಿದ್ದಳು.

“ವಿಚಾರ ಆತೇನವ್ವಾ?”

“ಆಗಾಕತ್ತೈತ್ರಿ.”

“ಡಾಕ್ಟರು ಎರಡು ಸರ್ತಿ ಕೇಳಿದ್ರು. ಅದರ ಹೊಟ್ಯಾಗ ಏನಂದ್ರ ಏನೂ ಇಲ್ಲಂತ.”

“ಅತ್ಯಾರ, ಒಂದು ಮಾತು ಹೇಳ್ರಿ. ನಿಮಗ ಏನು ಬೇಕು?”

“ಹಾಲು.”

“ಎಂಥಾ ಹಾಲು?”

“ಅದಽ… ಡಾಕ್ಟರು ಹೇಳಿದ್ರಲ್ಲ. ಮೊದಲ್ನೇದು.”

“ಅದಕ್ಕ ನೀವೊಂದು ಹೆಸರಿಟ್ಟಿದ್ರಿ. ಇವರಿಗೆಲ್ಲಾ ಕೇಳೂ ಹಂಗ ಒಂದ್ ಸರ್ತಿ ಅದನ್ನ ಅನ್ರಿ. ಅಂದು ತಗೊಂಡು ಹೋಗ್ರಿ.”

ಫಕೀರಮ್ಮನ ದವಡೆಯಲ್ಲಿ ಎಲೆಯಡಿಕೆ ನಿಂತಿತು. ಎದುರು ಮಂಚದ ಬಾಣಂತಿ ಮೊಬೈಲಿನ ಸದ್ದು ಕಡಿಮೆ ಮಾಡಿದಳು. ಈ ಗಳಿಗೆಯನ್ನು ಸುರೇಖಾ ಎಷ್ಟು ಸಲ ಅಡುಗೆಮನೆಯಲ್ಲಿ, ರೊಟ್ಟಿ ಬಡಿಯುತ್ತ, ತನ್ನೊಳಗೇ ಆಡಿ ನೋಡಿದ್ದಳೋ. ಪ್ರತಿ ಸಲವೂ ಆ ಶಬ್ದ ಅತ್ತೆಯ ಗಂಟಲಿನಿಂದ ಜಾಲಿಮುಳ್ಳು ಕಿತ್ತ ಹಾಗೆ, ಮಾಂಸ ಹಿಡಿದುಕೊಂಡು, ರಕ್ತ ಸುರಿಸುತ್ತ ಬರುತ್ತಿತ್ತು.

“ಏನಂದಿದ್ನವ್ವಾ ನಾ?”

“ಕೀವು ಅಂದಿದ್ರಿ.”

“ಯಾವಾಗ? ನನಗ ನೆನಪಿಲ್ಲ.” ಅನ್ನಮ್ಮ ಹಣೆ ಗಂಟಿಕ್ಕಿದಳು, ನಿಜಕ್ಕೂ ಹುಡುಕುವವಳ ಹಾಗೆ. “ಅಂದಿರ್ಬೇಕು ಬಿಡು. ಆಗ ಎಲ್ಲಾರೂ ಹಂಗಽ ಅಂತಿದ್ರು. ನಮ್ಮತ್ತಿನೂ ನನಗ ಹಂಗಽ ಅಂದಿದ್ಲು. ಈಗ ಏನನ್ಲಿ? ಕೀವು ಅನ್ಲಿ? ಕೀವು. ತಪ್ಪಾತು ಅನ್ಲಿ? ತಪ್ಪಾತು. ಕಾಲು ಹಿಡೀಲಿ? ತಾ ಇಲ್ಲೆ, ಹಿಡಿತೀನಿ,” ಎಂದು ಬಾಗಿಯೇಬಿಟ್ಟಳು.

ಸುರೇಖಾ ಕಾಲನ್ನು ಸರಕ್ಕನೆ ಮಡಚಿ ಸೀರೆಯೊಳಗೆ ಎಳೆದುಕೊಂಡಳು. ಮುಳ್ಳೂ ಇರಲಿಲ್ಲ, ರಕ್ತವೂ ಇರಲಿಲ್ಲ. ಸಂತೆಯಲ್ಲಿ ಕೊಸರಿಗೆಂದು ನಾಲ್ಕು ಮೆಣಸಿನಕಾಯಿ ಮೇಲೆ ಎಸೆಯುತ್ತಾರಲ್ಲ, ಹಾಗೆ ಬಂದು ಬಿದ್ದಿತ್ತು ಆ ಶಬ್ದ. ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು, ಆದರೆ ಅದರಲ್ಲಿ ಯಾವುದೂ ಅವಳಿಗೆ ಬೇಕಾದದ್ದಾಗಿರಲಿಲ್ಲ. ನೆನಪೇ ಇಲ್ಲದವಳಿಂದ ಏನನ್ನು ಕಿತ್ತುಕೊಳ್ಳುವುದು? ತಾನು ಇಷ್ಟು ವರ್ಷ ಒಬ್ಬಳೇ ಮಸೆಯುತ್ತ ಕೂತಿದ್ದ ಕುಡುಗೋಲು, ಕುಯ್ಯಲು ಹೊಲವೇ ಇಲ್ಲದಂತಾಗಿ ಕೈಯಲ್ಲಿ ಉಳಿಯಿತು. ಮೈಯೆಲ್ಲ ಉರಿದು, “ನನ್ನ ಕೂಸಿಗೇ ಸಾಲಂಗಿಲ್ರಿ ನನ್ನ ಹಾಲು,” ಎಂದಳು.

ಅನ್ನಮ್ಮ ವಾಟಗವನ್ನು ಮತ್ತೆ ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

“ಸಾಲಂಗಿಲ್ಲಂತ!” ಫಕೀರಮ್ಮ ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿದಳು. “ಕುಬಸ ನೋಡಿದ್ರ ಮುನಿರಾಬಾದ್ ಡ್ಯಾಮಿನ ಗೇಟ್ ತಗದಂಗ ಐತಿ.”

ಸುರೇಖಾ ಕೆಳಗೆ ನೋಡಿಕೊಂಡಳು. ಸೆರಗಿನವರೆಗೂ ತೊಯ್ದಿತ್ತು. ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು, ತನ್ನ ಮೈಯ ಮೇಲೆಯೇ. ಯಾರ ಕಡೆಯದಿದು? ಅಷ್ಟರಲ್ಲಿ ಫೋನ್ ಗುನುಗಿತು. ಮುನಿರಾಬಾದಿನ ನೀರಾವರಿ ಆಫೀಸಿನಿಂದ ಗುರುಬಸವ. ಹಿಂದೆ ಯಾರೋ ಚಹಾ ಕೂಗುತ್ತಿದ್ದರು. “ಅವ್ವ ಅಳಾಕತ್ಯಾಳಲ್ಲ. ಕೊಟ್ಟು ಬಿಡು, ನಿಂದೇನು ಸವೀತೈತಿ?” ಎಂದ.

“ನಿಮಗ ಆವತ್ತಿಂದು ನೆನಪೈತೇನ್ರಿ?”

“ಯಾವತ್ತಿಂದು?”

ಅವಳು ಫೋನನ್ನು ತಲೆದಿಂಬಿನ ಅಡಿ ತುರುಕಿ, ಕೂಸನ್ನು ಫಕೀರಮ್ಮನ ಪಕ್ಕ ಮಲಗಿಸಿ, ಬಚ್ಚಲಿಗೆ ಎದ್ದು ಹೋದಳು. ಎದೆ ಕಲ್ಲಾಗಿತ್ತು. ಬಾಗಿಲು ಹಾಕಿ ಕುಬಸ ಬಿಚ್ಚಿದಾಗ ಕೈ ತಾನಾಗಿ ಮೇಲೆ ಹೋಯಿತು, ಹೆಬ್ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ, ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ. ಎಳೆ ಚಿಮ್ಮಿ ಬಿಳಿ ಟೈಲ್ಸಿನ ಮೇಲೆ ಬಿತ್ತು. ಹಳದಿ. ಇಳಿಯಿತು. ಇಲ್ಲಿ ಇರುವೆಗಳಿರಲಿಲ್ಲ. ಆ ಪೆಟ್ಟಿಗೆಯ ಕೂಸು ಸಾಯಲಿ, ಎಂದುಕೊಂಡಳು ಸುರೇಖಾ, ಮೊದಲ ಸಲ ಇಷ್ಟು ನೇರವಾಗಿ. ಅಂದುಕೊಂಡ ಮೇಲೆ ಹೊಟ್ಟೆಯೊಳಗೆ ಬಿಸಿ ಗಂಜಿ ಕುಡಿದ ಹಾಗೆ ಹಿತವಾಯಿತು. ಸಾಯಲಿ, ಆಕೆಯ ಮಗಳೂ ಖಾಲಿ ಮಡಿಲು ಹೊತ್ತು ಮನೆಗೆ ಬರಲಿ. ಹಿತ ಅಷ್ಟು ಹೊತ್ತು ಮಾತ್ರ. ಆಮೇಲೆ ಓಣಿಯ ಹೆಂಗಸರು ಕಾಣಿಸಿದರು. ಅನ್ನಮ್ಮನ ಸುತ್ತ, ಅದೇ ಪಡಸಾಲೆಯಲ್ಲಿ, ಅದೇ ಚಾಪೆಯ ಮೇಲೆ. ದೇವರು ಕೊಟ್ಟಾ, ದೇವರು ಒಯ್ದಾ. ಹಾಲಿಲ್ಲದ್ದಕ್ಕ ಯಾರರ ಸಾಯತಾರೇನು, ಆಯುಷ್ಯ ಅಷ್ಟಽ ಇತ್ತು. ಅನ್ನಮ್ಮ ಕಣ್ಣೊರೆಸಿಕೊಂಡು ಏಳುತ್ತಾಳೆ. ಅಂಗಡಿಗೆ ಹೋಗುತ್ತಾಳೆ. ಆಗ ಎರಡೂ ಸಾವು ಒಂದೇ ತಕ್ಕಡಿಯಲ್ಲಿ ಕೂತುಬಿಡುತ್ತವೆ: ಹಳದಿ ಹಾಲಿಲ್ಲದೆ ಸತ್ತ ಸೊಸೆಯ ಕೂಸು, ಹಳದಿ ಹಾಲಿಲ್ಲದೆ ಸತ್ತ ಮಗಳ ಕೂಸು. ಎರಡೂ ಆಯುಷ್ಯವಿಲ್ಲದವು. ಮುದುಕಿ ಪಾರಾಗಿಬಿಡುತ್ತಾಳೆ. ತಾನೇ, ತನ್ನ ಕೈಯಾರೆ, ಆಕೆಯನ್ನು ಪಾರು ಮಾಡಲು ಹೊರಟಿದ್ದಾಳೆ.

ಗೋಡೆಗೆ ಹಣೆ ಹಚ್ಚಿದಳು. ತಣ್ಣಗಿತ್ತು. ಇಲ್ಲ, ಬದುಕಬೇಕು ಅದು. ನಾಲ್ಕು ಹನಿಗೆ ಕರುಳು ಎದ್ದು, ಕೂಸು ಬೆಳೆದು, ಕುಷ್ಟಗಿಯ ಅದೇ ಅಂಗಳದಲ್ಲಿ ಅಂಬೆಗಾಲಿಡಬೇಕು. ಹಬ್ಬಕ್ಕೊಮ್ಮೆ ಗಂಗಾವತಿಯಿಂದ ಬಂದು ಅಜ್ಜಿಯ ಮಡಿಲೇರಬೇಕು. ಏರಿದಾಗೊಮ್ಮೆ ಆ ಮಡಿಲು ಉರಿಯಬೇಕು. ಈ ಹನಿ ಕೊಟ್ಟಿದ್ದರೆ ಆ ಇನ್ನೊಂದೂ ಹೀಗೇ ಓಡಾಡುತ್ತಿತ್ತಲ್ಲ ಎಂದು, ಯಾರೂ ಹೇಳದೆ, ತಾನಾಗಿ ಆಕೆಗೆ ತಿಳಿಯಬೇಕು. ತಿಳಿದು, ಬಾಯಿಯೊಳಗಿನ ತುತ್ತು ತಿರುಗದೆ ನಿಲ್ಲಬೇಕು. ತಪ್ಪಾತು ಅನ್ನುವ ಶಬ್ದ ಯಾರಿಗೆ ಬೇಕಾಗಿದೆ? ಸಾಕ್ಷಿ ಬೇಕು. ಉಸಿರಾಡುವ ಸಾಕ್ಷಿ. ಈ ಯೋಚನೆಯ ತಳದಲ್ಲಿ ಇನ್ನೊಂದು ಅಲುಗಿತು: ಹಿಂಡಿದ ಕೈ ಯಾರದು? ಆ ಸಾಕ್ಷಿ ನಿನ್ನ ಕಡೆಗೂ ಬೆರಳು ಮಾಡುತ್ತದಲ್ಲ? ಮಾಡಲಿ, ಎಂದಳು ಸುರೇಖಾ ಬಾಯಿಬಿಟ್ಟು. ಟೈಲ್ಸಿನ ಮೇಲಿನ ಎಳೆಯನ್ನು ಅಂಗೈಯಿಂದ ಒರೆಸಿ, ಕುಬಸ ಹಾಕಿಕೊಂಡು, ಘಟಕದ ಕಡೆಗೆ ನಡೆದಳು.

“ಕೈ ಮೊಣಕೈತನ ತೊಳ್ಕೋರಿ ಅಕ್ಕಾ. ಬಳಿ ಮ್ಯಾಲೆ ಸರಸ್ರಿ,” ಎಂದಳು ಶಬೀನಾ. ಯಾಕೆ ಮನಸ್ಸು ಬದಲಾಯಿತು ಎಂದು ಕೇಳಲಿಲ್ಲ. ಹಿಂಡುವುದನ್ನು ತೋರಿಸಲು ಬಂದವಳು ಸುರೇಖಾಳ ಕೈ ನೋಡಿ, “ನಿಮಗ ರೂಢಿ ಐತಲ್ಲ,” ಎಂದು ನಕ್ಕಳು. ಆ ಮಾತು ಎಲ್ಲಿ ತಾಗಿತೆಂಬುದು ಆಕೆಗೆ ಹೇಗೆ ಗೊತ್ತಾಗಬೇಕು. ವಾಟಗದ ತಳ ಮುಚ್ಚುವಷ್ಟು ಬಂತು, ಕುಸುಬಿ ಹೂವಿನ ಬಣ್ಣದ್ದು, ಎಣ್ಣೆಯಂತೆ ಅದರ ಒಳಮೈಗೆ ಅಂಟುತ್ತ.

ಕೂಸು ಉಳ್ಳಾಗಡ್ಡಿ ಸಿಪ್ಪೆಯಂಥ ಚರ್ಮದೊಳಗೆ ಇತ್ತು. ಹೊಟ್ಟೆಯ ನೀಲಿ ನರಗಳನ್ನು ಬೇಕಾದರೆ ಬೆರಳಿಟ್ಟು ಓದಬಹುದಿತ್ತು. ತಲೆಗೆ ಯಾರದೋ ಮನೆಯವರು ಹೆಣೆದ ಕೆಂಪು ಟೊಪ್ಪಿಗೆ. ಬಾಯಿಗೆ ದಾರದಂಥ ನಳಿಕೆ. ಶಬೀನಾ ಸಿರಿಂಜ್‌ನಲ್ಲಿ ಹಾಲು ಎಳೆದು ನಳಿಕೆಗೆ ಸೇರಿಸಿ, ಎತ್ತರಕ್ಕೆ ಹಿಡಿದಳು. ಹಳದಿ ಗೆರೆ ಒಂದು ಮೆಲ್ಲಗೆ ಇಳಿಯತೊಡಗಿತು.

“ಇಷ್ಟಽ ಏನು?”

“ಇಷ್ಟಽ. ಇದು ಊಟ ಅಲ್ಲಕ್ಕಾ. ಬಾಗಲಾ ಬಡಿಯೋದು.”

ಕುಡಿ, ಎಂದಳು ಸುರೇಖಾ ಮನಸ್ಸಿನಲ್ಲಿ. ಕುಡಿದು ಸಾಕ್ಷಿ ಹೇಳು. ಗಾಜಿನ ಬಾಗಿಲಿನ ಆಚೆ ಅನ್ನಮ್ಮ ಹಣೆಯೊತ್ತಿ ನಿಂತಿದ್ದಳು. ಆಕೆಯ ಉಸಿರು ಗಾಜಿನ ಮೇಲೆ ಮಂಜಾಗಿ ಕೂತು, ಕಣ್ಣು ಕಾಣದಂತೆ ಮಾಡಿತ್ತು.

ಸಂಜೆ ಮುಂದಿನ ಸಲ ಹಾಲು ಹಾಕುವ ಮೊದಲು ಶಬೀನಾ ಸಿರಿಂಜ್ ಹಿಂದಕ್ಕೆ ಎಳೆದು ನೋಡಿದಳು. ಹಾಕಿದ್ದು ಹಾಗೇ ಮೇಲೆ ಬಂತು, ಒಡೆದ ಮೊಸರಿನಂತೆ, ಅಂಚಿನಲ್ಲಿ ತುಸು ಹಸಿರು. ಸುರೇಖಾ ಪೆಟ್ಟಿಗೆಯ ಗಾಜಿನ ಹತ್ತಿರ ಮುಖ ಒಯ್ದಳು. ಡಾಕ್ಟರ್ ಶಾಂತಕುಮಾರ ಬಂದು ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ನೋಡಿ, “ಉಬ್ಬಿಲ್ಲ, ಮೆತ್ತಗೈತಿ. ಒಂದು ಸರ್ತಿ ಬಿಟ್ಟು ಮತ್ತ ಹಾಕೂಣು. ವಾಲಿಕಾರಗ ಇನ್ನೂ ಚಪ್ಲಿ ಸಿಕ್ಕಿಲ್ಲ,” ಎಂದು ನಗಿಸಲು ನೋಡಿದ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅನ್ನಮ್ಮ, ಕೊರಳ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ, ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು: “ನಿನ್ನ ಹಾಲು ಅದಕ್ಕ ಒಗ್ಗಲಿಲ್ಲೇನೋ.”

ಸುರೇಖಾ ಆಕೆಯ ಪಕ್ಕದಲ್ಲೇ ಕೂತಳು. ಕೂರಲು ಬೇರೆ ಜಾಗವಿರಲಿಲ್ಲ. ಒಗ್ಗಲಿಲ್ಲ! ಈಗ ವಿಚಾರಣೆ ನಡೆಯುತ್ತಿರುವುದು ಮುದುಕಿಯದಲ್ಲ, ತನ್ನ ಹಾಲಿನದು ಎಂಬುದು ಅವಳಿಗೆ ಆಗ ಹೊಳೆಯಿತು. ಕೂಸು ಉಳಿಯದಿದ್ದರೆ ಬಚ್ಚಲದ ಗೋಡೆಯೇ ಸರಿ ಎಂದಾಗುತ್ತದೆ. ಚೆಲ್ಲಿದ್ದೇ ಸರಿ, ಕೀವು ಎಂದದ್ದೇ ಸರಿ. ಆ ರಾತ್ರಿ ಅವಳು ತನ್ನ ಮಗನಿಗೆ ಹಾಲು ಕೊಡಲು ವಾರ್ಡಿಗೆ ಹೋಗುವುದು, ಮತ್ತೆ ಬಂದು ಘಟಕದ ಬಾಗಿಲಿಗೆ ಕೂರುವುದು, ಇದನ್ನೇ ಮಾಡಿದಳು. ಮಗ ಹೊಟ್ಟೆ ತುಂಬಿ ಮಲಗುತ್ತಿದ್ದ. ಅವನ ಮುಖ ನೋಡಲು ಪುರುಸೊತ್ತಿರಲಿಲ್ಲ. ದ್ವೇಷಕ್ಕೂ ಇಷ್ಟು ನಿದ್ದೆ ಕೆಡಬಹುದೆಂದು ಯಾರಿಗೂ ಗೊತ್ತಿರುವುದಿಲ್ಲ. ನೋಡಿದವರು, “ಏನು ಅಂತಃಕರಣ ಈ ಅತ್ತಿಗಿದು!” ಎಂದು ಹೊಗಳಿ ಹೋದರು. ಫಕೀರಮ್ಮನಂತೂ, “ನಾ ಬೈದದ್ದಕ್ಕಽ ಬುದ್ಧಿ ಬಂತು,” ಎಂದು ವಾರ್ಡಿಗೆಲ್ಲ ಹೇಳಿಕೊಂಡಳು. ಸುರೇಖಾ ಕಣ್ಣು ಮುಚ್ಚಿದರೆ ಕರುಳೊಂದು ಕತ್ತಲಲ್ಲಿ ಸುರುಳಿ ಸುತ್ತಿ ಮಲಗಿರುವುದು ಕಾಣುತ್ತಿತ್ತು, ಅದರ ಬಾಗಿಲುಗಳನ್ನು ಯಾರೋ ಬರಿಗಾಲಿನವನು ಬಡಿಯುತ್ತ ಓಡುತ್ತಿದ್ದ, ಯಾರೂ ಏಳುತ್ತಿರಲಿಲ್ಲ. ಏಳ್ರೋ, ಎಂದು ಅವಳು ಹಲ್ಲು ಕಚ್ಚುತ್ತಿದ್ದಳು. ಏಳ್ರೋ ಭಾಡ್ಯಾಗೋಳ್ರಾ, ಹಾಲು ಬಂದೈತಿ.

ಬೆಳಿಗ್ಗೆ ಎಳೆದಾಗ ಸಿರಿಂಜ್‌ನಲ್ಲಿ ಏನೂ ಬರಲಿಲ್ಲ. “ಗುಳುಂ ಮಾಡ್ಯಾಳ,” ಎಂದಳು ಶಬೀನಾ. ಅದರ ಮುಂದಿನ ಸಲವೂ ಬರಲಿಲ್ಲ. ಮೇಲಿನ ಮಹಡಿಯಲ್ಲಿ ಹೇಮಾವತಿ ಕಣ್ಣು ಬಿಟ್ಟು ನೀರು ಕೇಳಿದಳೆಂದು ಸುದ್ದಿ ಬಂತು. ಅನ್ನಮ್ಮ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಮೆಟ್ಟಿಲು ಹತ್ತಿ ಇಳಿದಳು. ಮಧ್ಯಾಹ್ನ ಊಟದ ಗಾಡಿ ಬರುವ ಹೊತ್ತಿಗೆ ಘಟಕದ ಬಾಗಿಲು ತೆರೆದು, ಶಬೀನಾ ಒಂದು ಬಟ್ಟೆಯ ಚೂರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೂಗಿದಳು: “ಯಾರ್ರೀ ಹೇಮಾವತಿ ಕೂಸಿನವ್ರು? ಬರ್ರಿ, ಹೇತಾಳ ನಿಮ್ಮ ರಾಣಿ! ಕರುಳು ಹಾದಿ ಬಿಟ್ಟೈತಿ!” ಬಟ್ಟೆಯ ನಡುವೆ ಡಾಂಬರಿನಂಥ ಕಪ್ಪು, ಹೊಳೆಯುವ, ಹೆಬ್ಬೆರಳಿನಷ್ಟು ಕಲೆ. ಊಟಕ್ಕೆ ತಟ್ಟೆ ಹಿಡಿದು ನಿಂತವರೆಲ್ಲ ನಕ್ಕರು. ಅನ್ನಮ್ಮ ಎರಡೂ ಕೈ ಚಾಚಿ ಪ್ರಸಾದ ಇಸಿದುಕೊಂಡವಳಂತೆ ಅದನ್ನು ತೆಗೆದುಕೊಂಡು, ಕಾರಿಡಾರಿನ ಕೊನೆಯ ನಳದ ಕಡೆ ಓಡುವ ಹೆಜ್ಜೆ ಹಾಕಿದಳು.

ಗೆದ್ದೆ, ಎಂದುಕೊಂಡಳು ಸುರೇಖಾ. ಸಾಕ್ಷಿ ಬಾಯಿಬಿಟ್ಟಿತ್ತು, ಬಾಯಿಯಿಂದಲ್ಲದಿದ್ದರೂ. ಇನ್ನು ಹೇಳಬೇಕಾದ ಮಾತು ಒಂದೇ. ಅದನ್ನು ರಾತ್ರಿಯೆಲ್ಲ ಬೆಂಚಿನ ಮೇಲೆ ಕೂತು ಸಣ್ಣದು ಮಾಡಿ, ಸಣ್ಣದು ಮಾಡಿ, ಸೂಜಿಯಷ್ಟಕ್ಕೆ ತಂದಿಟ್ಟಿದ್ದಳು. ಹೊಲಿಗೆ ಎಳೆಯುತ್ತಿದ್ದರೂ ಗೋಡೆ ಹಿಡಿದು ನಡೆದಳು. ನಳದ ಕೆಳಗೆ ಅನ್ನಮ್ಮ ಬೆನ್ನು ಮಾಡಿ ಕೂತಿದ್ದಳು. ಕುಕ್ಕರುಗಾಲು, ಸೊಂಟಕ್ಕೆ ಸಿಗಿಸಿದ ಸೆರಗು, ನೀರಿಗೆ ಒಡ್ಡಿದ ಬಟ್ಟೆ. ಸುತ್ತ ಯಾರೂ ಇರಲಿಲ್ಲ.

“ಅತ್ಯಾರ,” ಎಂದಳು ಸುರೇಖಾ. “ಆವತ್ತೂ ಇದಽ ಹಾಲಿತ್ತು.”

ತಿಕ್ಕುತ್ತಿದ್ದ ಕೈ ನಿಂತಿತು. ಕಪ್ಪಿನ ಮೇಲೆ ನೀರು ಬೀಳುತ್ತಲೇ ಇತ್ತು. ಅನ್ನಮ್ಮ ತಿರುಗಲಿಲ್ಲ. ನೀರಿಗೆ ಹೇಳುವಂತೆ ಹೇಳಿದಳು.

“ಆಕೀದೂ ಹಿಂಗಽ ಕರ್ರಗ ಆಗಿತ್ತು. ನಾನಽ ತೊಳದಿದ್ದೆ. ನಿನಗ ಏಳಾಕ ಆಗತಿರಲಿಲ್ಲ.” ಬಟ್ಟೆಯನ್ನು ಮಗುಚಿ, “ಮೂಗು ನಿಂದಽ ಇತ್ತು. ಎಡಗಿವಿ ಹಿಂದ ಒಂದು ಮಚ್ಚಿ.”

ಸುರೇಖಾಳಿಗೆ ಆ ಮಚ್ಚೆ ಗೊತ್ತಿರಲಿಲ್ಲ. ಮಚ್ಚೆ ಕಾಣುವಷ್ಟು ಹೊತ್ತು ಆ ಕೂಸನ್ನು ಅವಳು ಎಂದೂ ನೋಡಿರಲೇ ಇಲ್ಲ.

“ನೆನಪಿಲ್ಲ ಅಂದ್ರಿ.”

“ಮಂದಿ ಮುಂದ ಏನಂತ ಹೇಳ್ಲಿ?”

ನಳ ಗೊರಗೊರ ಎಂದಿತು. ಎರಡು ಸಲ ಕೆಮ್ಮಿದಂತೆ ಗಾಳಿ ಉಗುಳಿ, ಒಂದು ಹನಿ ತೂಗಿಸಿ, ನಿಂತುಹೋಯಿತು. ಬಟ್ಟೆಯ ಅರ್ಧ ತೊಳೆದಾಗಿತ್ತು. ಇಬ್ಬರೂ ನಳದ ಬಾಯಿಯನ್ನು ನೋಡುತ್ತ ಇದ್ದಲ್ಲೇ ಇದ್ದರು.